ಚಿನ್ನವ್ವನ ಬೇಸಿಗೆ ಪಾಠಕ್ಕೆ ನನ್ನ ಹೆಸರು ಕೂಗಿದರು

ಸಿಕ್ಕಿತು! ನಮ್ಮ ಚಿನ್ನವ್ವನ ಬೇಸಿಗೆ ಕಾಲೇಜಿಗೆ ಸಹಾಯಧನ ಸಿಕ್ಕಿತು. ಅನಾಟಮಿಗೂ ಸಿಕ್ಕಿತು, ಕೆಮಿಸ್ಟ್ರಿಗೂ ಸಿಕ್ಕಿತು. ಸಾಲವಲ್ಲ, ತಿರುಗಿ ಕೊಡುವಂಥದ್ದಲ್ಲ, ಓದಲಿ ಎಂದು ಕೊಟ್ಟದ್ದು. ಆಗಸ್ಟ್ ತಿಂಗಳಲ್ಲಿ ಅವಳು ನರ್ಸಿಂಗ್ ತರಗತಿಯಲ್ಲಿ ಕೂರುತ್ತಾಳೆ. ನಮ್ಮ ಓಣಿಯವರೆಲ್ಲ ಕೇಳಿಸಿಕೊಳ್ಳಿರಿ, ಗದಗಿನ ನೀಲವ್ವನ ಮೊಮ್ಮಗಳು ಅಮೆರಿಕದ ಆಸ್ಪತ್ರೆಯಲ್ಲಿ ನಾಡಿ ಹಿಡಿಯುವವಳಾಗುತ್ತಾಳೆ!

ಸುದ್ದಿಯನ್ನೇ ಮೊದಲು ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ನಾನು ನಾಲ್ಕನೇ ಇಯತ್ತೆಯವರೆಗೆ ಶಾಲೆ ಕಂಡವಳು, ಹೀಗೆ ಕೂತು ಪುಟಗಟ್ಟಲೆ ಬರೆದವಳಲ್ಲ. ಆದರೆ ಟೆಕ್ಸಾಸಿನಿಂದ ಬಂದ ಮೇಲೆ ಯಾರು ಸಿಕ್ಕರೂ "ಹೆಂಗಿತ್ತು ನೀಲವ್ವಾ ಅಮೆರಿಕಾ?" ಎನ್ನುತ್ತಾರೆ. ನಾನು ಬಾಯಿ ತೆರೆಯುತ್ತಲೇ ಅಳುತ್ತೇನೆ, ನಗುತ್ತೇನೆ, ಮೈಮೇಲೆ ಮುಳ್ಳು ಏಳುತ್ತವೆ. ಯಾರಿಗೂ ಪೂರ್ತಿ ತಿಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆ ದೇಶದಲ್ಲಿ ನನ್ನ ಸಂತೋಷದ ಪಕ್ಕದಲ್ಲೇ ಒಂದು ಅಂಜಿಕೆಯೂ ಕೂತಿತ್ತು. ಎರಡನ್ನೂ ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಕೂಡಿಸಿಯೇ ಹೇಳುತ್ತೇನೆ.

ಲೂಯಿಸ್‌ವಿಲ್, ಡಲ್ಲಾಸಿನ ಪಕ್ಕ

ಡಲ್ಲಾಸಿನಲ್ಲಿ ವಿಮಾನ ಇಳಿದಾಗ ಮಗ ಬಸವರಾಜ ಬಾಗಿಲಲ್ಲೇ ನಿಂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಕಾರಿನಲ್ಲಿ ಕೂರಿಸಿಕೊಂಡು ಹೊರಟ. ರಸ್ತೆ ನಮ್ಮೂರಿನ ಹೊಲಗಳಷ್ಟು ಅಗಲ. ಅದರ ತುಂಬ ಕಾರುಗಳು ಇರುವೆ ಸಾಲಿನ ಹಾಗೆ ಹರಿಯುತ್ತಿದ್ದವು. ಆದರೆ ನಡೆಯುವ ಮನುಷ್ಯ ಒಬ್ಬನೂ ಇಲ್ಲ.

"ಬಸೂ, ಈ ಊರಾಗ ಕಾಲಿದ್ದವರು ಯಾರೂ ಇಲ್ಲೇನೋ?"

"ಎಲ್ಲಾರೂ ಅದಾರವ್ವಾ, ಕಾರಿನಾಗ ಅದಾರ."

"ಗ್ಲಾಸು ಕರ್ರಗ ಅದಾವು. ಒಳಗ ಮಂದಿ ಅದಾರೋ ಇಲ್ಲೋ, ಯಾರು ನೋಡ್ಯಾರ!"

ಅವನು ನಕ್ಕ. ನಾನು ನಗಲಿಲ್ಲ.

ಅವರ ಮನೆ ಲೂಯಿಸ್‌ವಿಲ್ ಎಂಬ ಊರಿನ ಅಪಾರ್ಟ್‌ಮೆಂಟು. ಮೊದಲು ಅವರು ಹ್ಯೂಸ್ಟನ್ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿದ್ದರು. ಗದಗಿನಲ್ಲಿ ಅವರಪ್ಪನ ಛಾಪಖಾನೆಯಲ್ಲಿ ಕಲಿತ ಕೆಲಸವನ್ನೇ ನಂಬಿ ಬಸವರಾಜ ಅಲ್ಲಿ ಛಾಪಿಸುವ ಅಂಗಡಿ ಇಟ್ಟಿದ್ದ. ಮದುವೆ ಕಾರ್ಡು, ಅಂಗಡಿ ಬೋರ್ಡು, ಚರ್ಚಿನ ಹಾಡಿನ ಹಾಳೆ, ಎಲ್ಲ ಛಾಪಿಸುತ್ತಿದ್ದ. ಹಿಂದಿನ ವರ್ಷದ ಬಿರುಗಾಳಿ ಮಳೆಯಲ್ಲಿ ಅಂಗಡಿಗೂ ನೀರು ಹೊಕ್ಕಿತು, ಮನೆಗೂ ಹೊಕ್ಕಿತು. ಮೆಷಿನ್‌ಗಳು ಹೋದವು. ಈಗ ಲೂಯಿಸ್‌ವಿಲ್‌ನಲ್ಲಿ ಗೆಳೆಯನ ಅಂಗಡಿಯಲ್ಲಿ ದುಡಿಯುತ್ತಾನೆ, ಸೊಸೆ ಶೋಭಾ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಒಬ್ಬಳೇ ಮಗಳು ಚಿನ್ನವ್ವ ಆಸ್ಟಿನ್‌ನಲ್ಲಿ ಕಾಲೇಜು ಓದುತ್ತಾಳೆ.

ಚಿನ್ನವ್ವ ಎಂಬುದು ಮನೆಯೊಳಗಿನ ಹೆಸರು. ಕಾಗದದ ಮೇಲೆ ಅವಳಿಗೆ ನನ್ನದೇ ಹೆಸರು. ನಮ್ಮ ಕಡೆ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುತ್ತಾರೆ, ನಿಮಗೆ ಗೊತ್ತಿದ್ದದ್ದೇ. ಆದರೆ ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಕರೆಯುವಂತಿಲ್ಲವಲ್ಲ! ಹಾಗಾಗಿ ತೊಟ್ಟಿಲಿನಲ್ಲಿ ಹೆಸರಿಟ್ಟ ದಿನವೇ ಶೋಭಾ ಅದನ್ನು ಪಕ್ಕಕ್ಕೆ ಇಟ್ಟು "ಚಿನ್ನವ್ವ" ಎಂದಳು. ಅದೇ ಉಳಿಯಿತು. ಅವಳ ನಿಜವಾದ ಹೆಸರನ್ನು ಆ ಮನೆಯಲ್ಲಿ ಯಾರೂ ನುಡಿದದ್ದನ್ನು ನಾನು ಕೇಳಿಲ್ಲ.

ಬೆಳಗ್ಗೆ ಇಬ್ಬರೂ ಕೆಲಸಕ್ಕೆ ಹೋದರೆ ನಾನೊಬ್ಬಳೇ. ಮಹಡಿಯ ಉದ್ದಕ್ಕೂ ಒಂದೇ ಬಣ್ಣದ ಕದಗಳು, ಯಾವುದೂ ತೆರೆಯುವುದಿಲ್ಲ. ಬೇಸರಕ್ಕೆ ನಮ್ಮ ಬಾಗಿಲ ಮುಂದೆ ಅಕ್ಕಿಹಿಟ್ಟಿನಿಂದ ಸಣ್ಣದೊಂದು ರಂಗೋಲಿ ಹಾಕಿದೆ. ಮರುದಿನ ನೋಡಿದರೆ ಅದರ ಪಕ್ಕದಲ್ಲಿ ನೀಲಿ ಸೀಮೆಸುಣ್ಣದ ಒಂದು ಹೂವು! ನಾನು ಇನ್ನೊಂದು ಹಾಕಿದೆ. ಅದರ ಮರುದಿನ ಇನ್ನೊಂದು ಹೂವು. ಕದಕ್ಕೆ ಕಿವಿಕೊಟ್ಟು ಕೂತರೂ ಹೆಜ್ಜೆ ಸಪ್ಪಳ ಕೇಳಲಿಲ್ಲ.

"ಯಾರರ ಸಣ್ಣ ಹುಡುಗರು ಇರಬೇಕು ತಗೋರಿ ಅತ್ತಿ" ಎಂದಳು ಶೋಭಾ.

ಇರಬಹುದು. ಆದರೆ ಆ ಮಹಡಿಯಲ್ಲಿ ಮಕ್ಕಳ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಬುಧವಾರ ಮಧ್ಯಾಹ್ನದ್ದು ಇನ್ನೂ ಬೇರೆ. ಒಗ್ಗರಣೆ ಹಾಕುತ್ತಿದ್ದೆ. ಆಕಾಶ ತೊಳೆದಿಟ್ಟ ಹಾಗೆ ನಿರ್ಮಲವಾಗಿತ್ತು. ಇದ್ದಕ್ಕಿದ್ದಂತೆ ಊರಿಗೆ ಊರೇ ಊಳಿಡತೊಡಗಿತು. ನಮ್ಮ ಹತ್ತಿ ಗಿರಣಿಯ ಭೋಂಗಾ ನೆನಪಿದೆಯಲ್ಲ, ಅಂಥವು ನಾಲ್ಕೂ ದಿಕ್ಕಿನಿಂದ ಒಂದರ ಮೇಲೊಂದು ಏರಿ ಇಳಿದವು. ಒಲೆ ಆರಿಸಿ ಕಿಟಕಿಗೆ ಓಡಿದೆ. ನಮ್ಮಲ್ಲಿ ಭೋಂಗಾ ಆದರೆ ಜನ ಹೊರಬೀಳುತ್ತಾರೆ, ಓಣಿ ತುಂಬುತ್ತದೆ. ಇಲ್ಲಿ ಒಂದು ಕದ ತೆರೆಯಲಿಲ್ಲ, ಒಂದು ಪರದೆ ಅಲುಗಲಿಲ್ಲ. ಕೆಳಗೆ ಹುಲ್ಲಿನ ಮೇಲೆ ಒಂದು ಮೊಲ ಮಾತ್ರ ಎರಡು ಕಾಲ ಮೇಲೆ ಎದ್ದು ನಿಂತು ಕೇಳುತ್ತಿತ್ತು. ಆಮೇಲೆ ಎಲ್ಲ ತಟ್ಟನೆ ನಿಂತಿತು. ಕೊರಳಿನ ಲಿಂಗ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಾಗ ಶೋಭಾಳ ಫೋನು ಬಂತು.

"ಅತ್ತೀ, ಹೇಳೂದು ಮರತೇಬಿಟ್ಟಿದ್ದೆರಿ! ಸುಂಟರಗಾಳಿ ಬಂದ್ರ ಎಚ್ಚರ ಮಾಡೂ ಸೈರನ್ ಅದು. ಚಾಲೂ ಐತೇನಂತ ತಿಂಗಳಿಗೊಮ್ಮೆ ಊದಿ ನೋಡತಾರ. ಅಂಜಿದ್ರೇನ್ರೀ?"

"ನಾ ಯಾಕ ಅಂಜಲೇ? ಮೊಲಾ ಅಂಜಿತು" ಎಂದೆ.

ಅಂದು ಸಂಜೆ ಊಟಕ್ಕೆ ಕೂತಾಗ ಬಸವರಾಜ ಚಿನ್ನವ್ವನ ವಿಷಯ ಬಿಚ್ಚಿದ. ನೀರು ಬಂದಾಗ ಆ ಹುಡುಗಿ ಎರಡು ಪಾಠಗಳನ್ನು ನಡುವೆಯೇ ಬಿಟ್ಟು, ಮನೆಗೆ ಓಡಿ ಬಂದು, ಹಸಿ ಹಾಸಿಗೆ, ಹಸಿ ಗೋಡೆ ಹೊತ್ತು ಹಾಕಿದ್ದಳು. ಆ ಎರಡನ್ನು ಈ ಬೇಸಿಗೆಯಲ್ಲೇ ಮುಗಿಸಿದರೆ ಆಗಸ್ಟಿಗೆ ನರ್ಸಿಂಗ್ ಸೀಟು. ಮುಗಿಸದಿದ್ದರೆ ಸೀಟು ಬೇರೆಯವರಿಗೆ.

"ಇಲ್ಲಿ ಕಷ್ಟದಾಗ ಇದ್ದವರ ಮಕ್ಕಳಿಗೆ ಓದಾಕ ಸರ್ಕಾರ ರೊಕ್ಕ ಕೊಡತೈತವ್ವಾ. ನೀರು ಬಂದ ಮ್ಯಾಲ ನಾವೂ ಕೇಳಿದ್ವಿ, ನೋಡಿ ಕೊಟ್ರು. ಅದು ವರ್ಷದ ಕ್ಲಾಸಿಗೆ ಆತು. ಬ್ಯಾಸಿಗಿಗೆ ಕೊಡಂಗಿಲ್ಲಂತ ನಾವು ಸುಮ್ಮನ ಕುಂತಿದ್ವಿ."

"ಬ್ಯಾಸಿಗಿಗೂ ಕೊಡತಾರಂತರಿ ಅತ್ತಿ" ಶೋಭಾ ನಡುವೆ ಬಂದಳು. "ಆದ್ರ ಬ್ಯಾರೆ ಕೇಳಬೇಕಂತ. ಮತ್ತ ಒಂದ ಪಾಠ ತಗೊಂಡ್ರ ನಡಿಯಂಗಿಲ್ಲ, ಎರಡೂ ಕೂಡೇ ತಗೋಬೇಕು."

"ಹಂಗಾರ ಕೇಳ್ರಿ!" ಎಂದೆ.

"ಕೇಳೇವಿ" ಎಂದ ಮಗ. "ನಡುವ ಬಿಟ್ಟ ಹುಡುಗಿಗೆ ಮತ್ತ ಯಾಕ ಕೊಡಬೇಕು ಅಂತ ತಡೆ ಹಾಕ್ಯಾರ. ಶುಕ್ರವಾರ ಆಸ್ಟಿನ್‌ನಾಗ ಎದುರು ಹೋಗಿ ಹೇಳಬೇಕು. ಅವತ್ತೇ ಕಡೀ ದಿನ. ಸಂಜಿಯೊಳಗ ಆಗಲಿಲ್ಲಂದ್ರ ಪಾಠದಿಂದ ಅಕಿ ಹೆಸರು ತಗದು ಒಗೀತಾರ."

ಬಸವರಾಜ ತಟ್ಟೆಯಲ್ಲೇ ಕೈ ತೊಳೆದ. ಅನ್ನ ಹಾಗೇ ಉಳಿದಿತ್ತು.

ಕ್ಲಿಯರ್ ಲೇಕ್, ಹ್ಯೂಸ್ಟನ್

ಚಿನ್ನವ್ವ ರಜೆಯಲ್ಲಿ ಕ್ಲಿಯರ್ ಲೇಕ್‌ನ ಹಳೆಯ ಮನೆಯಲ್ಲಿದ್ದಳು. ಮಾರುವ ಮೊದಲು ಮೇಲಿನ ಮಹಡಿಯ ಸಾಮಾನು ಕಟ್ಟಲು ಹೋಗಿದ್ದಳು. ಅವಳನ್ನು ಕರೆದುಕೊಂಡು ಆಸ್ಟಿನ್‌ಗೆ ಹೋಗುವುದೆಂದು ಗುರುವಾರ ಹೊರಟೆವು. ದಾರಿಯಲ್ಲಿ ಪೆಟ್ರೋಲು ಹಾಕಿಸಿದ ಕಡೆ ಸಾವಿರಾರು ಕರಿ ಹಕ್ಕಿಗಳು ತಂತಿಗಳ ಮೇಲೆ ಒತ್ತೊತ್ತಾಗಿ ಕೂತಿದ್ದವು. ಕಾಗೆಗಳಲ್ಲ, ಬಾಲ ಉದ್ದ. ಕೂಗು ಹಳೆಯ ಕಬ್ಬಿಣದ ಗೇಟು ತೆರೆದಂತೆ. ಶೋಭಾ ಒಂದು ಬಿಸ್ಕತ್ತು ಎಸೆದಳು. ಒಂದೂ ಇಳಿದು ಬರಲಿಲ್ಲ, ಎಲ್ಲವೂ ನಮ್ಮ ಕಡೆಗೇ ತಿರುಗಿ ನೋಡಿದವು.

ಕ್ಲಿಯರ್ ಲೇಕ್ ದೊಡ್ಡ ದೊಡ್ಡ ಎಂಜಿನಿಯರುಗಳ ಊರು. ಆಕಾಶಕ್ಕೆ ಮನುಷ್ಯರನ್ನು ಕಳಿಸುವ ಕೇಂದ್ರ ಅಲ್ಲೇ ಇದೆ.

"ಚಂದ್ರನ ತನಕ ಮಂದೀನ ಕಳಿಸಿ ತಿರುಗಿ ಕರಕೊಂಡು ಬಂದ ಊರವ್ವಾ ಇದು" ಎಂದ ಬಸವರಾಜ. "ನನ್ನ ಅಂಗಡ್ಯಾಗಿನ ನೀರು ಹೊರಗ ಹಾಕಾಕ ಆಗಲಿಲ್ಲ."

ಅವರ ಬೀದಿಗೆ ತಿರುಗಿದಾಗ ಸಂಜೆಯಾಗಿತ್ತು. ಸಾಲು ಮನೆಗಳು, ಹಲವು ಮನೆಗಳ ಮುಂದೆ ಮಾರಾಟದ ಹಲಗೆ. ಹುಲ್ಲು ಮೊಳಕಾಲು ಮುಟ್ಟುತ್ತಿತ್ತು. ಒಂದು ಮರದ ತುದಿಯಲ್ಲಿ, ಕೈಗೆ ಎಟುಕದ ಎತ್ತರದಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿಕೊಂಡಿತ್ತು. ನೆಟ್ಟಗೆ, ಯಾರೋ ಈಗ ತಾನೇ ಎದ್ದು ಹೋದ ಹಾಗೆ. ನೀರು ಅದನ್ನು ಅಲ್ಲಿಗೆ ಒಯ್ದು ಕೂರಿಸಿತ್ತಂತೆ. ಹತ್ತು ತಿಂಗಳಾದರೂ ಇಳಿಸಿಕೊಳ್ಳಲು ಯಾರೂ ಬಂದಿರಲಿಲ್ಲ.

ಮನೆಯೊಳಗೆ ಕಾಲಿಟ್ಟೆ. ಎದೆಯ ಎತ್ತರದವರೆಗೆ ಗೋಡೆಗಳನ್ನೇ ಕತ್ತರಿಸಿ ತೆಗೆದಿದ್ದರು. ಮೇಲೆ ಬಣ್ಣ ಹಚ್ಚಿದ ಗೋಡೆ, ಗಣಪತಿಯ ಕ್ಯಾಲೆಂಡರು. ಕೆಳಗೆ ಬರೀ ಕಟ್ಟಿಗೆಯ ಗಳಗಳು. ಪಡಸಾಲೆಯಲ್ಲಿ ನಿಂತರೆ ಮಲಗುವ ಕೋಣೆ ಕಾಣುತ್ತದೆ, ಅದರಾಚೆ ಬಚ್ಚಲು ಕಾಣುತ್ತದೆ, ಅದರಾಚೆ ಕತ್ತಲೆ. ವಾಸನೆ ಮುಚ್ಚಿಟ್ಟ ಬಾವಿಯದು.

ಆಗ ಮೇಲಿನಿಂದ ದನಿ ಬಂತು. "ಅಜ್ಜೀ!"

ನಾನು ಉತ್ತರ ಕೊಡಲಿಲ್ಲ. ಇನ್ನೊಮ್ಮೆ, "ಅಜ್ಜೀ!" ಬಾಯಿ ಬಿಗಿಹಿಡಿದೆ. ಮೂರನೆಯ ಸಲ "ಅಜ್ಜೀ, ವೇರ್ ಆರ್ ಯೂ?" ಎಂದಾಗ "ಓ" ಎಂದೆ. ಚಿನ್ನವ್ವ ದಡದಡ ಮೆಟ್ಟಿಲಿಳಿದು ಬಂದು ಕುತ್ತಿಗೆಗೆ ಜೋತುಬಿದ್ದಳು. ಮೂಗಿನ ಮೇಲೆ ಧೂಳು, ನನಗಿಂತ ಒಂದು ಗೇಣು ಎತ್ತರ.

"ಕರೆದೆನಲ್ಲ? ಯಾಕೆ ಸುಮ್ಮನೆ?" ಅವಳ ಕನ್ನಡ ಶಾಲೆಯ ಮಗುವಿನದು. ತುಸು ಬಂದು ಮುಗಿದು ಹೋಗುತ್ತದೆ, ಉಳಿದದ್ದು ಇಂಗ್ಲಿಷು.

"ಮಾರಿ ಕಾಣದಂಗ ಯಾರರ ಕರದ್ರ ಮೊದಲನೇ ಸಲಕ್ಕ, ಎರಡನೇ ಸಲಕ್ಕ ಓ ಅನಬಾರದವ್ವಾ. ಅಂಥವು ಎರಡ ಸಲ ಕರೀತಾವ. ಮನಷ್ಯಾ ಆದ್ರ ಮೂರನೇ ಸಲ ಕರೀತಾನ."

"ಅಂಥವು ಅಂದರೆ?"

"ಅಂಥವು."

ಅವಳು ನಗಬೇಕೆಂದಿದ್ದಳು. ಸುತ್ತಲಿನ ಗಳಗಳನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದಳು. "ಕೂಲ್" ಎಂದಳು, ಸಣ್ಣ ದನಿಯಲ್ಲಿ.

ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಸಿದೆವು. ಇಡೀ ಬೀದಿಯಲ್ಲಿ ನಮ್ಮದೊಂದೇ ದೀಪ. "ನಾಳಿ ಏನ ಹೇಳತಿ?" ಎಂದು ಕೇಳಿದೆ.

"ಗೊತ್ತಿಲ್ಲ ಅಜ್ಜಿ. ನೀರು ಬಂತು ಅಂತೀನಿ." ನನ್ನ ಕಡೆ ಹೊರಳಿದಳು. "ಎಲ್ಲರಿಗೂ ನೀರು ಬಂತು. ಎಲ್ಲರೂ ಅದೇ ಹೇಳ್ತಾರೆ. ಇಫ್ ದೇ ಸೇ ನೋ, ಪಾಪಾ ಸಾಲ ಮಾಡ್ತಾರೆ. ನಾನು ಮಾಡೋಕೆ ಬಿಡಲ್ಲ. ನಾನು ಕಾಲೇಜ್ ಬಿಡ್ತೀನಿ."

ಶೋಭಾ ಪಕ್ಕದಲ್ಲೇ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ. ಅವಳ ಬಳೆ ಕಿಣಿ ಎಂದದ್ದು ನನಗೆ ಕೇಳಿಸಿತು.

ಆಸ್ಟಿನ್, ಕಾಲೇಜು

ನಮ್ಮ ಗದಗಿನ ಕಾಲೇಜು ನೀವು ನೋಡಿದ್ದೀರಿ. ರಜೆಯಿದ್ದರೂ ಗೇಟಿನಲ್ಲಿ ಶೇಂಗಾ ಮಾರುವವನು ಇರುತ್ತಾನೆ, ನೆರಳಿಗೆ ಎಮ್ಮೆಯಾದರೂ ಮಲಗಿರುತ್ತದೆ. ಆಸ್ಟಿನ್‌ನ ಆ ಕಾಲೇಜು ಬೇಸಿಗೆ ಪಾಠ ಶುರುವಾಗುವ ಮೊದಲಿನ ಆ ಶುಕ್ರವಾರ ಪೂರಾ ಖಾಲಿ. ಊರಿನಷ್ಟು ದೊಡ್ಡ ಜಾಗ, ಬಿಳಿ ಕಟ್ಟಡಗಳು, ಬೆಂಕಿಯಂಥ ಬಿಸಿಲು. ಮರಗಳಲ್ಲಿ ಕಾಣದ ಕೀಟಗಳು ಕಿವಿ ಕೊರೆಯುವಂತೆ ಕಿರ್ ಎನ್ನುತ್ತಿದ್ದವು. ಹುಲ್ಲಿನ ನಡುವಿನಿಂದ ಕಾರಂಜಿಗಳು ತಾವೇ ಎದ್ದವು, ತಾವೇ ಅಡಗಿದವು. ಮುಂದೆ ಹೋದರೆ ಕದ ತಾನೇ ಸರಿಯಿತು. ಬಚ್ಚಲಲ್ಲಿ ಕೈ ಒಡ್ಡಿದರೆ ನೀರು ತಾನೇ ಸುರಿಯಿತು. "ಮಂದಿ ಇಲ್ಲದ ಊರಾಗ ಇವನ್ನೆಲ್ಲಾ ಯಾರು ಮಾಡತಾರ?" ಎಂದು ಶೋಭಾಳನ್ನು ಕೇಳಿದೆ. "ಮೆಷಿನ್ ರೀ ಅತ್ತಿ" ಎಂದಳು. ಎಲ್ಲಕ್ಕೂ ಅವಳದು ಅದೇ ಉತ್ತರ.

ಸಹಾಯಧನದ ಕಚೇರಿ ಒಂದು ಉದ್ದನೆಯ ಹಾದಿಯ ಕೊನೆಗಿತ್ತು. ಎರಡೂ ಬದಿಗೆ ಮುಚ್ಚಿದ ಕದಗಳು, ಎಲ್ಲವೂ ಒಂದೇ ಥರ. ಗೋಡೆಯ ಮೇಲಿನ ಒಂದು ಯಂತ್ರಕ್ಕೆ ಚಿನ್ನವ್ವ ತನ್ನ ಹೆಸರು ಕೊಟ್ಟಳು. ಅವಳ ಮುಂದೆ ಬಹಳ ಜನರಿದ್ದಾರೆಂದು ಯಂತ್ರ ಹೇಳಿತಂತೆ. ನಾನು ಸುತ್ತ ನೋಡಿದೆ. ಒಂದು ಬೆಂಚು, ಅದರ ಮೇಲೆ ನಾನು. ಬೇರೆ ಒಂದು ನರಪಿಳ್ಳೆ ಇಲ್ಲ.

"ಎಲ್ಲಿ ಅದಾರ ಮಂದಿ?"

"ಸಾಲು ಫೋನಿನಲ್ಲಿ ಅಜ್ಜಿ. ಹೆಸರು ಕೊಟ್ಟು ಎಲ್ಲಾದರೂ ಹೋಗ್ತಾರೆ. ಕರೆದಾಗ ಬರ್ತಾರೆ."

ಕಾಣದವರ ಸಾಲು! ನಾನು ಬೆಂಚಿನ ತುದಿಗೆ ಸರಿದು ಕೂತೆ, ಅವರಿಗೂ ಜಾಗ ಇರಲಿ ಎಂದು.

ಅನಾಟಮಿ ತರಗತಿ ತುಂಬಿದೆ, ಅಲ್ಲಿ ಅವಳ ಹೆಸರು ಉಳಿಯಲು ಮಾಸ್ತರರ ಒಪ್ಪಿಗೆ ಬೇಕು, ಅವರು ಇನ್ನೊಂದು ಕಟ್ಟಡದಲ್ಲಿದ್ದಾರೆ ಎಂದು ಗೊತ್ತಾಯಿತು. ಸರದಿಗೆ ಇನ್ನೂ ಬಹಳ ಹೊತ್ತಿದೆಯಲ್ಲ ಎಂದು ಚಿನ್ನವ್ವ ತಾಯಿಯನ್ನು ಕರೆದುಕೊಂಡು ಅತ್ತ ಓಡಿದಳು. ಬಸವರಾಜನಿಗೆ ಕಾರು ನಿಲ್ಲಿಸಿದ ಜಾಗ ತಪ್ಪೆಂದು ಯಾರೋ ಚೀಟಿ ಅಂಟಿಸಿ ಹೋಗಿದ್ದರು. "ಅವ್ವಾ, ಇಲ್ಲೇ ಕುಂದ್ರು. ಎಲ್ಲೂ ಏಳಬ್ಯಾಡ" ಎಂದು ಅವನೂ ಹೋದ.

ಒಬ್ಬಳೇ ಕೂತೆ. ತುಸು ಹೊತ್ತಾದ ಮೇಲೆ ಹಾದಿಯ ಆ ತುದಿಯ ದೀಪ ಆರಿತು. ಆಮೇಲೆ ಅದರ ಈಚಿನದು. ಆಮೇಲೆ ಅದರ ಈಚಿನದು. ಯಾರೋ ಒಂದೊಂದೇ ದೀಪ ಆರಿಸುತ್ತಾ ನನ್ನ ಕಡೆಗೆ ನಡೆದು ಬರುತ್ತಿದ್ದ ಹಾಗೆ. ಕಡೆಗೆ ನನ್ನ ತಲೆಯ ಮೇಲಿನದೂ ಹೋಯಿತು. ಯಾರೂ ಅಲುಗಾಡದಿದ್ದರೆ ಅಲ್ಲಿ ದೀಪಗಳು ಆರುತ್ತವೆಂದು ಬಸವರಾಜ ಆಮೇಲೆ ಹೇಳಿದ. ಆಗ ನನಗೆ ಯಾರು ಹೇಳಬೇಕು?

ಕತ್ತಲಲ್ಲಿ ತಲೆಯ ಮೇಲಿನ ಮಾಳಿಗೆಯೊಳಗಿಂದ ಒಂದು ಹೆಂಗಸಿನ ದನಿ ಯಾರದೋ ಹೆಸರು ಕೂಗಿತು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿತು. ಯಾರೂ ಬರಲಿಲ್ಲ. ಆಮೇಲೆ ಬೇರೆ ಹೆಸರು, ಎರಡು ಸಲ. ಮತ್ತೊಂದು, ಎರಡು ಸಲ. ಕಾಯ್ದು ಬೇಸತ್ತು ಸಾಲಿನವರೆಲ್ಲ ಮನೆಗೆ ಹೋಗಿದ್ದರೋ ಏನೋ. ಆ ದನಿಗೆ ಸಿಟ್ಟಿಲ್ಲ, ಬೇಸರವಿಲ್ಲ. ಬರದವರನ್ನು ಬಿಟ್ಟು ಮುಂದಿನವರನ್ನು ಕರೆಯುತ್ತಲೇ ಇತ್ತು.

ಆಮೇಲೆ ಅದು "ನೀಲಾಂಬಿಕಾ ಹೊಸಮನಿ" ಎಂದಿತು.

ಅದು ನನ್ನದೇ ಹೆಸರು. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರು ಹಾಜರಿ ಕರೆದ ಮೇಲೆ ನೀಲಾಂಬಿಕಾ ಎಂದು ನನ್ನನ್ನು ಯಾರೂ ಹೀಗೆ ಕೂಗಿರಲಿಲ್ಲ. ನಮ್ಮ ಮನೆಯವರಂತೂ "ಏ ಇಕಿ" ಎಂದೇ ಕಾಲ ಕಳೆದು ಹೋದರು. ಊರು ಬಿಟ್ಟು ಏಳು ಸಮುದ್ರ ದಾಟಿ, ಮನುಷ್ಯರಿಲ್ಲದ ಕಟ್ಟಡದ ಕತ್ತಲಲ್ಲಿ ಕೂತವಳನ್ನು ಹೆಸರು ಹಿಡಿದು ಕರೆಯುವವರು ಯಾರು? ಅದು ಚಿನ್ನವ್ವನ ಹೆಸರೂ ಹೌದೆಂಬುದು, ನಿಮ್ಮಾಣೆ, ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ನನಗೆ ಹೊಳೆದದ್ದು ಒಂದೇ: ಸರದಿ ಬಂತು. ಯಮನ ಕಚೇರಿಯಲ್ಲಿ ಇಂಗ್ಲಿಷ್ ಮಾತಾಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

"ನೀಲಾಂಬಿಕಾ ಹೊಸಮನಿ." ಎರಡನೆಯ ಸಲ.

ಬಾಯಿ ಬಿಗಿಹಿಡಿದೆ. ಮೂರನೆಯದಕ್ಕೆ ಕಾದೆ. ಮೂರನೆಯದು ಬರಲಿಲ್ಲ. ಬರುವುದಿಲ್ಲ ಎಂಬುದು ಆಗ ತಿಳಿಯಿತು. ಅಲ್ಲಿ ಎರಡೇ ಸಲ ಕರೆಯುತ್ತಾರೆ, ಆಮೇಲೆ ಬಿಟ್ಟುಬಿಡುತ್ತಾರೆ. ನಮ್ಮ ಹಿರಿಯರ ಮಾತಿನ ಪ್ರಕಾರ ಎರಡು ಸಲ ಕರೆಯುವಂಥವು ಯಾವುವೆಂದು ನಿಮಗೆ ಹೇಳಿದ್ದೇನೆ. ಆದರೆ ಹೆಸರು ಕೂಗಿಸಿಕೊಂಡು ಬಾರದೆ ಹೋದವರ ಗತಿಯನ್ನೂ ಈಗಷ್ಟೇ ಕೇಳಿದ್ದೆನಲ್ಲ. ಇಲ್ಲಿಯವರೆಗೆ ಬಂದದ್ದು ಕೇಳಲೆಂದು. ಕರೆದವರು ಯಾರೇ ಆಗಿರಲಿ, ಹೋಗಿ ಚಿನ್ನವ್ವನ ಮಾತು ಕೇಳಿಯೇಬಿಡುತ್ತೇನೆ ಎಂದುಕೊಂಡೆ.

"ಓ!" ಎಂದು ಎದ್ದು ನಿಂತೆ.

ನಿಂತದ್ದೇ ತಡ, ಹಾದಿಯ ಉದ್ದಕ್ಕೂ ಎಲ್ಲ ದೀಪಗಳು ಒಮ್ಮೆಲೇ ಹತ್ತಿದವು. ಎಡಗಡೆಯ ಒಂದು ಕದ ಟಕ್ ಎಂದು ಸಡಿಲಾಯಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಕದ ಹಿಂದೆ ತಾನೇ ಮುಚ್ಚಿಕೊಂಡಿತು.

ಒಳಗೆ ಮೇಜಿನ ಹಿಂದೆ ಒಬ್ಬ ನಡುವಯಸ್ಸಿನ ಹೆಂಗಸು, ನಮ್ಮ ಹಾಗೇ ಗೋಧಿ ಬಣ್ಣ. ನನ್ನನ್ನು, ನನ್ನ ಇಳಕಲ್ ಸೀರೆಯನ್ನು, ನನ್ನ ಬರಿಗಾಲನ್ನು ನೋಡಿದಳು. ಏನೋ ಕೇಳಿದಳು. ಅದರಲ್ಲಿ ನೀಲಾಂಬಿಕಾ ಎಂಬುದೊಂದೇ ತಿಳಿಯಿತು.

"ಎಸ್" ಎಂದೆ.

"ಸ್ಟೂಡೆಂಟ್?"

"ಎಸ್" ಎಂದೆ. 'ಎಸ್' ಬಿಟ್ಟರೆ ನನ್ನ ಬಳಿ 'ಥ್ಯಾಂಕ್ಯೂ' ಒಂದಿತ್ತು, ಅದನ್ನು ಆಮೇಲಿಗೆ ಇಟ್ಟುಕೊಂಡಿದ್ದೆ.

ಅವಳು ಹುಬ್ಬು ಗಂಟಿಕ್ಕಿದಳು. ಕೈಯಿಂದ ಚೌಕ ಬರೆದು ತೋರಿಸಿದಳು, ಗುರುತಿನ ಕಾರ್ಡು ಎಂದು. ನಡುವಿಗೆ ಕಟ್ಟಿದ್ದ ಎಲೆಯಡಿಕೆ ಚೀಲ ಬಿಚ್ಚಿ ಪಾಸ್‌ಪೋರ್ಟು ಮುಂದಿಟ್ಟೆ. ಹೆಸರು ನೋಡಿದಳು, ಅದೇ. ಮನೆತನ ನೋಡಿದಳು, ಅದೇ. ಹುಟ್ಟಿದ ವರ್ಷ ನೋಡಿದಳು. ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು. ಈಗ ಹೆದರುವ ಸರದಿ ಅವಳದು. ಅವಳ ಯಂತ್ರದಲ್ಲಿದ್ದ ಇಪ್ಪತ್ತರ ಹುಡುಗಿ ಹಾದಿಯ ಕತ್ತಲಲ್ಲಿ ಕೂತು ಮುದುಕಿಯಾಗಿ ಒಳಗೆ ಬಂದಿದ್ದಳಲ್ಲ!

ಆಗ ನನಗೆ ಹೊಳೆಯಿತು. ಕೈಯಿಂದ ಎತ್ತರ ತೋರಿಸಿದೆ, ಜಡೆ ತೋರಿಸಿದೆ, "ಚಿನ್ನವ್ವ" ಎಂದೆ. ನನ್ನ ಎದೆ ಮುಟ್ಟಿದೆ, ಪಾಸ್‌ಪೋರ್ಟಿನ ಹೆಸರು ಮುಟ್ಟಿದೆ, ಮತ್ತೆ ಆ ಎತ್ತರ ತೋರಿಸಿದೆ. ಅವಳು ಕುರ್ಚಿಗೆ ಒರಗಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ತನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆ ಮುಟ್ಟಿದಳು. ಮೇಜಿನ ಮೇಲಿದ್ದ ಒಂದು ಚಿತ್ರ ನನ್ನ ಕಡೆ ತಿರುಗಿಸಿದಳು. ತಲೆಗೆ ಸೆರಗಿನಂಥದ್ದು ಹೊದ್ದ ಮುದುಕಿ, ಕೈಯಲ್ಲಿ ಜೋಳದ ತೆನೆ. "ಗ್ವಾಡಲೂಪೆ" ಎಂದಳು ಚಿತ್ರ ಮುಟ್ಟಿ. "ಗ್ವಾಡಲೂಪೆ" ಎಂದಳು ಬಿಲ್ಲೆ ಮುಟ್ಟಿ. ಅವರಲ್ಲೂ ಹಾಗೇ ಇದೆ!

ಫೋನು ಎತ್ತಿ ಚಿನ್ನವ್ವನಿಗೆ ಹಚ್ಚಿದಳು. ಮಾಸ್ತರರ ಮುಂದೆ ಕೂತ ಅವಳು ಫೋನಿನ ಸದ್ದು ಅಡಗಿಸಿದ್ದಳಂತೆ, ಆ ಕಡೆ ಯಾರೂ ಎತ್ತಲಿಲ್ಲ. ಗಡಿಯಾರ ತೋರಿಸಿ, ಕೈ ಚೆಲ್ಲಿ, ಇನ್ನು ಮುಂದಿನವರನ್ನು ಕರೆಯಬೇಕೆಂದು ಸನ್ನೆ ಮಾಡಿದಳು. ನಾನು ಕುರ್ಚಿಯ ಎರಡೂ ಕೈ ಹಿಡಿದುಕೊಂಡು ಭದ್ರವಾಗಿ ಕೂತೆ. ನನ್ನ ಹೆಸರು ಕೂಗಿದ್ದಾರೆ, ನಾನು ಬಂದಿದ್ದೇನೆ, ಏಳುವವಳಲ್ಲ. ಅವಳು ಚಿತ್ರದ ಕಡೆ ಒಮ್ಮೆ ನೋಡಿ, ಬಟ್ಟಲಲ್ಲಿ ನೀರು ತಂದುಕೊಟ್ಟು, ಸುಮ್ಮನೆ ಕೂತಳು.

ಹೊರಗೆ ಅಷ್ಟರಲ್ಲಿ, ಮಾಸ್ತರರ ಒಪ್ಪಿಗೆಯೂ ಸಿಕ್ಕು, ಮೂವರೂ ಬಂದು ಖಾಲಿ ಬೆಂಚು ನೋಡಿದ್ದರು. "ಅವ್ವಾ!" ಎಂದು ಬಸವರಾಜ ಕೂಗಿದ್ದು ನನಗೂ ಎಲ್ಲೋ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಚಿನ್ನವ್ವನಿಗೆ ಹಾದಿಯ ನಡುವೆ, ಒಂದೇ ಥರದ ಅಷ್ಟು ಕದಗಳಲ್ಲಿ ಒಂದರ ಮುಂದೆ, ಜೋಡಿಸಿಟ್ಟ ನನ್ನ ಚಪ್ಪಲಿ ಕಂಡವು. ಅಮೆರಿಕದಲ್ಲಿ ಕಚೇರಿಯ ಹೊರಗೆ ಚಪ್ಪಲಿ ಬಿಡುವವರು ಇನ್ಯಾರಿದ್ದಾರೆ? ಕದ ಬಡಿದಳು.

ಆಮೇಲಿನದು ಇಂಗ್ಲಿಷಿನಲ್ಲೇ ನಡೆಯಿತು. ಗ್ವಾಡಲೂಪೆ ಕೇಳಿದಳು, ಚಿನ್ನವ್ವ ಹೇಳಿದಳು. ಮೊದಲು ದನಿ ಗಟ್ಟಿಯಿತ್ತು, ಆಮೇಲೆ ಒಡೆಯಿತು. ಮಾತು ಸಿಗದೆ ಎದೆಯ ಎತ್ತರಕ್ಕೆ ಅಂಗೈ ಅಡ್ಡ ಹಿಡಿದು ತೋರಿಸಿದಳು, ನೀರು ಇಷ್ಟು ಎಂದು. ಗ್ವಾಡಲೂಪೆ ತನ್ನ ಕೈಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು ತೋರಿಸಿದಳು. ಅವಳ ಮನೆಯವರಿಗೂ ಬಂದಿತ್ತಂತೆ. ಎದ್ದು ಒಳಗೆ ಹೋದಳು, ಮೇಲಿನವರನ್ನು ಕೇಳಲು.

ಕದದ ಸಂದಿಯಲ್ಲಿ ಬಸವರಾಜ, ಶೋಭಾ ನಿಂತಿದ್ದರು. ಮಾಳಿಗೆಯೊಳಗೆ ತಣ್ಣನೆಯ ಗಾಳಿ ಉಸಿರಾಡುವ ಸಪ್ಪಳವಷ್ಟೇ ಇತ್ತು.

ಅವಳು ತಿರುಗಿ ಬಂದು ಒಂದೇ ಮಾತು ಹೇಳಿದಳು. ಚಿನ್ನವ್ವ ನನ್ನ ಕಡೆ ತಿರುಗಿದಳು.

"ಅಜ್ಜಿ. ಕೊಟ್ರು. ಎರಡೂ."

ಇಟ್ಟುಕೊಂಡಿದ್ದ 'ಥ್ಯಾಂಕ್ಯೂ' ತೆಗೆದು ಗ್ವಾಡಲೂಪೆಗೆ ಕೊಟ್ಟೆ. ಸಾಲದೆಂದು ಕೆನ್ನೆ ಸವರಿ ಲಟಿಕೆ ಮುರಿದೆ. ಅವಳ ಕಣ್ಣೂ ಒದ್ದೆಯಾಗಿದ್ದವು. ಹೊರಗೆ ಬಂದಾಗ ಬಸವರಾಜ, "ಏಳಬ್ಯಾಡ ಅಂದಿದ್ದೆನಲ್ಲಬೇ!" ಎಂದು ಗದರಿಸಿ, ನನ್ನ ಚಪ್ಪಲಿ ಎತ್ತಿ ತನ್ನ ಕೈಯಿಂದಲೇ ಕಾಲಿಗೆ ಹಾಕಿದ. ಅವತ್ತು ಆ ಎರಡು ಕರೆಗೆ ಯಾರೂ ಹೋಗದಿದ್ದರೆ ಚಿನ್ನವ್ವನ ಸರದಿ ಸಾಲಿನ ಕೊನೆಗೆ ಹೋಗುತ್ತಿತ್ತಂತೆ, ಅದು ಬರುವ ಮೊದಲೇ ಕಚೇರಿ ಮುಚ್ಚುತ್ತಿತ್ತಂತೆ. ಇದನ್ನು ಕೇಳಿ ಆ ಬೆಂಚಿನ ಮೇಲೆ ಮತ್ತೊಮ್ಮೆ ಕೂತುಬಿಟ್ಟೆ.

ಆಸ್ಟಿನ್, ಸೇತುವೆ, ಸಂಜೆ

ಸಂತೋಷಕ್ಕೆ ಚಿನ್ನವ್ವ ನಮ್ಮನ್ನು ಹೊಳೆಯ ಮೇಲಿನ ಒಂದು ಸೇತುವೆಗೆ ಕರೆದೊಯ್ದಳು. ಅಲ್ಲಿ ನನಗೆ ಕಡೆಗೂ ಜನ ಕಂಡರು! ನೂರಾರು ಜನ ಕಟಕಟೆಗೆ ಒರಗಿ ನಿಂತಿದ್ದರು. ಮಕ್ಕಳನ್ನು ಹೆಗಲ ಮೇಲೆ ಹೊತ್ತವರು, ನಾಯಿ ಹಿಡಿದವರು. ಆದರೆ ಎಲ್ಲರೂ ಪಿಸುದನಿಯಲ್ಲಿ, ಎಲ್ಲರೂ ಕೆಳಗಿನ ನೀರನ್ನೇ ನೋಡುತ್ತಾ.

"ಯಾರರ ಬಿದ್ದಾರೇನ?" ಎಂದೆ.

"ಶ್! ವೇಟ್ ಅಜ್ಜಿ."

ಸೂರ್ಯ ಮುಳುಗಿದ. ನಮ್ಮ ಕಾಲ ಕೆಳಗಿನಿಂದ ಹೊಗೆ ಎದ್ದಿತು. ಹೊಗೆಯಲ್ಲ, ಬಾವಲಿಗಳು. ಲೆಕ್ಕವಿಲ್ಲದಷ್ಟು ಬಾವಲಿಗಳು, ಕರಿ ನದಿಯ ಹಾಗೆ ಬಳುಕುತ್ತಾ, ಒಂದಕ್ಕೊಂದು ತಾಗದೆ, ಸದ್ದಿಲ್ಲದೆ ಆಕಾಶಕ್ಕೆ ಹರಿದವು. ಹಳೆಯ ಗೋದಾಮಿನಂಥ ಅವುಗಳ ವಾಸನೆ ಮುಖಕ್ಕೆ ಬಡಿಯಿತು. ನಮ್ಮಲ್ಲಿ ಬಾವಲಿ ಮನೆ ಹೊಕ್ಕರೆ ಶಾಂತಿ ಮಾಡಿಸುತ್ತೇವೆ. ಇವರು ಮಕ್ಕಳನ್ನು ಎತ್ತಿ ಎತ್ತಿ ತೋರಿಸುತ್ತಾರೆ! ಶೋಭಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಮಾತ್ರ ನೋಡಿದೆ. ಅಂಜಿಕೆ ಆಗಲೇ ಇಲ್ಲವೆಂದರೆ ಸುಳ್ಳು. ಆದರೆ ಅವತ್ತು ನನ್ನ ಎದೆಯಲ್ಲಿ ಅಂಜಿಕೆಗೆ ಕೂರಲು ಜಾಗ ಕಡಿಮೆಯಿತ್ತು.

ಚಿನ್ನವ್ವನ ಕೋಣೆ

ಜೊತೆಗಿದ್ದ ಹುಡುಗಿಯರು ಊರಿಗೆ ಹೋಗಿದ್ದರಿಂದ ಚಿನ್ನವ್ವನ ಬಾಡಿಗೆ ಕೋಣೆಯಲ್ಲಿ ನಾವೇ ನಾಲ್ವರು. ನಾನು ಝುಣಕ ಮಾಡಿದೆ. ಶೋಭಾ ರೊಟ್ಟಿ ಬಡಿದಳು. ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯವರು ಕಟ್ಟಿಗೆಯಿಂದ ಮಾಳಿಗೆ ಕುಟ್ಟಿದರು. ಬಸವರಾಜ ಅದಕ್ಕೆ ತಾಳ ಹಾಕಿದ! ಎಷ್ಟೋ ತಿಂಗಳ ಮೇಲೆ ಅವನು ಹಾಗೆ ನಕ್ಕದ್ದಂತೆ. ಊರಿನಿಂದ ತಂದಿದ್ದ ಶೇಂಗಾ ಹಿಂಡಿಗೆ ಮೊಸರು ಕಲಸಿ, ನೆಲದ ಮೇಲೆ ಪೇಪರು ಹಾಸಿ, ಎಲ್ಲರೂ ಸುತ್ತ ಕೂತೆವು.

ಚಿನ್ನವ್ವನ ಪಕ್ಕದಲ್ಲಿ ದಪ್ಪನೆಯದೊಂದು ಅನಾಟಮಿ ಪುಸ್ತಕ ತೆರೆದಿತ್ತು. ಪಾಠ ಸೋಮವಾರದಿಂದ, ಅವಳು ಆಗಲೇ ಶುರುಮಾಡಿದ್ದಳು. ಬಲಗೈಯಲ್ಲಿ ರೊಟ್ಟಿ ಮುರಿಯುತ್ತಾ ಎಡಗೈಯಿಂದ ನನ್ನ ಎಡ ಮಣಿಕಟ್ಟು ಹಿಡಿದಳು. ಸುಕ್ಕು ಚರ್ಮವನ್ನು ಹೆಬ್ಬೆರಳಿನಿಂದ ಸರಿಸಿ ಒತ್ತಿದಳು.

"ರೇಡಿಯಸ್" ಎಂದಳು. ತುಸು ಆಚೆ ಸರಿದು "ಅಲ್ನಾ" ಎಂದಳು. ಅಂಗೈ ಕೆಳಗಿನ ಸಣ್ಣ ಸಣ್ಣ ಎಲುಬುಗಳನ್ನು ಒಂದೊಂದೇ ತಡಕಿ, ಒಂದೊಂದಕ್ಕೂ ಏನೇನೋ ಹೇಳಿದಳು. ಬೆರಳು ತಣ್ಣಗಿತ್ತು. ನಾಳೆ ಮಣ್ಣು ಮಾಡಿದ ಮೇಲೆ ನನ್ನದೆಂದು ಉಳಿಯುವುದು ಇವೇ ಅಲ್ಲವೆ? ನನಗೇ ಗೊತ್ತಿಲ್ಲದ ಅವನ್ನು ಈ ಹುಡುಗಿ ಉಣ್ಣುತ್ತಾ ಕೂತು ಗುರುತು ಮಾಡಿಕೊಳ್ಳುತ್ತಿದ್ದಾಳೆ.

"ಏ, ಉಣ್ಣೂಮುಂದ ಎಲುಬಿನ ಮಾತ ಯಾಕ? ಬಿಡ ಅಜ್ಜಿ ಕೈ!" ಶೋಭಾ ಗದರಿಸಿದಳು.

"ಓದಲಿ ಬಿಡ, ಅದಕ್ಕ ಅಲ್ಲೇನು ಕೊಟ್ಟದ್ದು!" ಎಂದ ಬಸವರಾಜ, ಇನ್ನೊಂದು ರೊಟ್ಟಿ ಎಳೆದುಕೊಂಡು.

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಎಡಗೈಯನ್ನು ಅವಳಿಗೇ ಕೊಟ್ಟು, ಬಲಗೈಯಿಂದ ಝುಣಕ ಸುತ್ತಿದ ಬಿಸಿ ತುತ್ತೊಂದನ್ನು ಅವಳ ಬಾಯಿಗಿಟ್ಟೆ. ಅವಳು ಬಾಯಿ ತುಂಬ ಅಗಿಯುತ್ತಲೇ ಮುಂದಿನ ಎಲುಬಿನ ಹೆಸರು ಹೇಳಿದಳು.